ಬೈಕ್ ಕೀ ಹುಡುಕಬೇಡಿ

ರೀ,

ಬೈಕ್ ಕೀ ಹುಡುಕ್ತಾ ಮನೆಯೆಲ್ಲ ತಲೆಕೆಳಗು ಮಾಡಬೇಡಿ. ಡ್ಯೂಟಿಗೆ ಹೋಗುವಾಗ ನಾನೇ ತಗೊಂಡು ಹೋಗಿದ್ದೀನಿ. ಗಾಡಿ ನೋಡೋಕೆ ಬರೋ ನನ್ನ ತಮ್ಮ ದಾರೀಲಿ ನನ್ನಿಂದ ಇಸ್ಕೊಂಡು ಬರ್ತಾನೆ.

ಅವನು ಬರೋ ಮುಂಚೆ ಇಂಜಿನ್ ಬಿಸಿ ಮಾಡಿಟ್ಟು, "ನೋಡಪ್ಪಾ, ಒಂದೇ ಕಿಕ್ಕಿಗೆ ಸ್ಟಾರ್ಟ್" ಅನ್ನೋ ನಿಮ್ಮ ಪ್ಲಾನ್ ನನಗೆ ಗೊತ್ತಿಲ್ವಾ? ಮೊದಲು ಇಂಜಿನ್ ಮುಟ್ಟಿ ನೋಡು, ತಣ್ಣಗಿದ್ರೆ ಮಾತ್ರ ಮಾತು ಮುಂದುವರಿಸು ಅಂತ ಅವನಿಗೆ ಹೇಳಿಕೊಟ್ಟಿದ್ದೀನಿ.

ನೆಲದ ಮೇಲೆ ಆಯಿಲ್ ಸೋರಿದ ಕಲೆ ಮುಚ್ಚೋಕೆ ಹೂಕುಂಡ ಇಟ್ಟಿದ್ರಲ್ಲ, ಅದನ್ನ ವಾಪಸ್ ಕಿಟಕಿ ಹತ್ರ ಇಟ್ಟಿದ್ದೀನಿ. ಪಾಪ, ಆ ಗಿಡ ನಿಮಗೇನು ಮಾಡಿತ್ತು?

ಚೈನು, ಟೈರು ಅವನೇ ನೋಡ್ಕೋತಾನೆ. ಬ್ರೇಕ್ ವಿಷಯ ಮಾತ್ರ ನೀವೇ ಬಾಯಿಬಿಟ್ಟು ಹೇಳಿ. ಹಿಂದೆ ಕೂರೋದು ಅವನ ಮಗಳು, ನಿಮ್ಮನ್ನ "ಮಾವಾ" ಅಂತ ಓಡಿ ಬಂದು ತಬ್ಕೊಳ್ಳೋಳು.

ತಿಂಡಿ ಮುಚ್ಚಿಟ್ಟಿದ್ದೀನಿ. ಜಗಳ ಆಡಿದ್ರೂ ಇಬ್ಬರೂ ತಿಂದು ಆಡಿ.

ಇನ್ನೊಂದು ಮಾತು. ಗಾಡಿ ಕೆಮ್ಮಿದ ತಕ್ಷಣ ನೀವೂ ಜೋರಾಗಿ ಕೆಮ್ಮಿ ಆ ಸದ್ದು ಮುಚ್ಚಬೇಡಿ. ಹೋದ ಸಲ ಕೊಳ್ಳೋಕೆ ಬಂದವರು ಗಾಡಿ ಬಿಟ್ಟು, ನಿಮ್ಮ ಎದೆಗೆ ಔಷಧಿ ಹೇಳಿ ಹೋದ್ರು.