ಹೊಲಿಗೆ ಕಾಣದ ನಿಘಂಟಿಗೆ ಸೊನ್ನೆ ಅಂಕ

ಗ್ರಂಥಾಲಯದ ಟೆಂಡರ್ ಸಮಿತಿಯ ಮಾನ್ಯ ಅಧ್ಯಕ್ಷರೇ,

ಹರಿದ ಪುಸ್ತಕವನ್ನು ಹರಿದಿತ್ತೆಂದೇ ಗೊತ್ತಾಗದಂತೆ ಸರಿಮಾಡಿಕೊಟ್ಟ ಅಪರಾಧಕ್ಕಾಗಿ ತಮ್ಮ ಸಮಿತಿ ನನ್ನ ಅಕ್ಕನಿಗೆ ನಲವತ್ತಕ್ಕೆ ಸೊನ್ನೆ ಅಂಕ ದಯಪಾಲಿಸಿದೆ. ತೀರ್ಪನ್ನು ತಲೆಬಾಗಿ ಸ್ವೀಕರಿಸುವ ಮೊದಲು ಒಂದೆರಡು ಮಾತಿಗೆ ಅಪ್ಪಣೆಯಾಗಬೇಕು.

ನಾವಿಬ್ಬರೂ ಪುಸ್ತಕ ಬೈಂಡಿಂಗ್ ಮಾಡುವವರು. ಅಕ್ಕ ಹೊಲಿಯುತ್ತಾಳೆ, ನಾನು ಅಂಟು ಕಾಯಿಸಿ, ರಟ್ಟು ಕತ್ತರಿಸಿ, ಗಿರಾಕಿಗಳನ್ನು ಸುಧಾರಿಸುತ್ತೇನೆ. ಹಳೆಯ ಪುಸ್ತಕಗಳ ದುರಸ್ತಿಗೆ ತಾವು ಟೆಂಡರ್ ಕರೆದಾಗ ಅರವತ್ತೆರಡು ಪುಟಗಳ ಅರ್ಜಿಯನ್ನು ಭಯಭಕ್ತಿಯಿಂದ ತುಂಬಿದೆವು. 'ಯಂತ್ರಗಳ ಸಾಮರ್ಥ್ಯ' ಎಂಬಲ್ಲಿ ಏನು ಬರೆಯುವುದು? 'ಸೂಜಿ, ಒಂದು. ಸುಸ್ಥಿತಿಯಲ್ಲಿದೆ' ಎಂದೆವು. ಮಾದರಿಗೆಂದು ತಮ್ಮ ಕಚೇರಿಯೇ ಬೆನ್ನು ಕಿತ್ತುಹೋದ ನಿಘಂಟೊಂದನ್ನು ಕೊಟ್ಟಿತು. ಅಕ್ಕ ಒಂಬತ್ತು ದಿನ ಅದರ ಮೇಲೆ ಬಗ್ಗಿ ಕೂತು, ಹಾಳೆ ಹಾಳೆ ಬಿಡಿಸಿ ಹೊಲಿದು, ಹಳೆಯ ಹೊದಿಕೆಯ ಬಣ್ಣಕ್ಕೇ ಹೊಂದುವ ಬಟ್ಟೆ ಹುಡುಕಿ ಹಾಕಿದಳು.

ತಮ್ಮ ಷರಾ: "ಹೊಸ ಪ್ರತಿ ಸಲ್ಲಿಸಿದಂತಿದೆ. ದುರಸ್ತಿ ಕಂಡುಬಂದಿಲ್ಲ." ಟೆಂಡರ್ ಗೆದ್ದವರು ಅವರ ಪಾಲಿಗೆ ಬಂದ ಪುಸ್ತಕದ ಬೆನ್ನಿಗೆ ಅಗಲವಾದ ಕಂದು ಟೇಪು ಮೆತ್ತಿದ್ದರು. ಅದಕ್ಕೆ ಮೂವತ್ತೆಂಟು ಅಂಕ. "ದುರಸ್ತಿ ಸ್ಪಷ್ಟವಾಗಿ ಗೋಚರಿಸುತ್ತದೆ" ಎಂಬ ಮೆಚ್ಚುಗೆ ಬೇರೆ. ಗೋಚರಿಸದೆ ಏನು ಸ್ವಾಮಿ? ಪುಸ್ತಕ ತೆರೆಯದವರಿಗೂ ಟೇಪು ಗೋಚರಿಸುತ್ತದೆ!

ಕಚೇರಿಗೆ ಓಡಿದೆವು. ಅಕ್ಕ ಗುಮಾಸ್ತರ ಮೇಜಿನ ಮೇಲೆ ನಿಘಂಟು ತೆರೆದು, ಒಳಪುಟದಲ್ಲಿದ್ದ ತಮ್ಮದೇ ಗ್ರಂಥಾಲಯದ ಹಳೆಯ ಮೊಹರು ತೋರಿಸಿದಳು. ಅವರು ಪುಸ್ತಕದ ಬೆನ್ನು ಸವರಿ ನೋಡಿದರು.

"ಅಯ್ಯೋ, ಇದು ಅದೇ ಪುಸ್ತಕಾನಾ? ಎಷ್ಟು ಚೆನ್ನಾಗಿ ಮಾಡಿದೀರಮ್ಮಾ!"

"ಹಾಗಾದ್ರೆ ಅಂಕ ತಿದ್ದಿ ಸಾರ್," ಎಂದೆ ನಾನು.

"ಚೆನ್ನಾಗಿದೆ ಅಂತ ಬರೆಯೋಕೆ ಫಾರಂನಲ್ಲಿ ಜಾಗಾನೇ ಇಲ್ವಲ್ಲಮ್ಮಾ. ಅಧ್ಯಕ್ಷರೇ ಹೇಳ್ಬೇಕು."

ದಾರಿಯುದ್ದಕ್ಕೂ ಅಕ್ಕ ಬಿದ್ದು ಬಿದ್ದು ನಕ್ಕಳು, ನಾನೂ ನಕ್ಕೆ. ಅಂಗಡಿಗೆ ಬಂದು ದಾರ ಪೋಣಿಸುತ್ತಾ ಮೆಲ್ಲಗೆ ಕೇಳಿದಳು: "ಇನ್ಮೇಲೆ ಸ್ವಲ್ಪ ಕಾಣೋ ಹಾಗೆ ಹೊಲೀಲೇನೇ?"

ಅಧ್ಯಕ್ಷರೇ, ನನ್ನ ನಗು ನಿಂತದ್ದು ಅಲ್ಲಿ. ಮೂವತ್ತು ವರ್ಷಗಳಲ್ಲಿ ಅವಳು ತನ್ನ ಕೈಯನ್ನು ಅನುಮಾನಿಸಿದ್ದನ್ನು ನಾನು ಕಂಡಿರಲಿಲ್ಲ.

ಟೆಂಡರ್ ಯಾರಿಗಾದರೂ ಹೋಗಲಿ ಎನ್ನುವಷ್ಟು ಉದಾರಿ ನಾನಲ್ಲ. ಎರಡೂ ಮಾದರಿಗಳನ್ನು ಮತ್ತೆ ಮೇಜಿನ ಮೇಲಿಡಿ. ಗ್ರಂಥಾಲಯಕ್ಕೆ ದಿನಾ ಬರುವ ಓದುಗರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪುಸ್ತಕಗಳನ್ನು ತೆರೆಯಿರಿ, ಮುಚ್ಚಿರಿ, ಮತ್ತೆ ತೆರೆಯಿರಿ. ಆಮೇಲೆ ಅಂಕ ಕೊಡಿ. ಆಗಲೂ ಸೊನ್ನೆಯೇ ಬಂದರೆ, ಅದನ್ನು ಅಕ್ಕನಿಗೆ ತಾವೇ ಬಂದು ಹೇಳಿ. ನನ್ನ ಕೈಲಾಗದು.

ಇಂತಿ,
ಕಾಗದಕ್ಕೆ ಅಂಟಿನ ಬೆರಳಚ್ಚು ಮೆತ್ತಿದ್ದಕ್ಕೆ ಮಾತ್ರ ಕ್ಷಮೆ ಕೋರುವ,
ಬೈಂಡಿಂಗ್ ಅಂಗಡಿಯ ಜಗಳಗಂಟಿ ತಂಗಿ