ರೆಪ್ಪೆಗೆ ತಂದ ಹತ್ತಿ

ರೀ,

ಬೆಳಿಗ್ಗೆ ರೆಪ್ಪೆ ಅಂಟ್ಕೊಂಡು "ಕಣ್ಣೇ ಬಿಡೋಕಾಗ್ತಿಲ್ಲ" ಅಂತ ನನ್ನ ಮೇಲೆ ಕೂಗಾಡಿದ್ರಲ್ಲ, ಯಾಕೆ ಅಂತ ಈಗ ಗೊತ್ತಾಯ್ತು. ನಿಮ್ಮ ರೆಪ್ಪೆ ಒರೆಸೋಕೆ ನಾನು ತಂದ ಹತ್ತಿಯೆಲ್ಲ ವಾಚ್ ರಿಪೇರಿ ಮೇಜಿನ ಮೇಲೆ ಕಪ್ಪಗಾಗಿ ಬಿದ್ದಿದೆ. ಕಂಡೋರ ವಾಚು ಮಾತ್ರ ಫಳಫಳ ಅಂತಿದೆ.

ಫ್ಲಾಸ್ಕಲ್ಲಿ ಬಿಸಿನೀರಿದೆ. ಶುದ್ಧವಾದ ಬಟ್ಟೆ ಅದ್ದಿ, ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಟ್ಕೊಳ್ಳಿ. ಆಮೇಲೆ ರೆಪ್ಪೆ ಬುಡದ ಹೊಟ್ಟು ಮೆತ್ತಗೆ ಒರೆಸಿ. ಉಜ್ಜಬೇಡಿ, ಅದು ವಾಚಿನ ಗಾಜಲ್ಲ. ಕೆಂಪು ಇಳೀತು ಅಂತ ನಿಲ್ಲಿಸೋ ಹಾಗೂ ಇಲ್ಲ. "ದಿನಾ ಮಾಡ್ಬೇಕು" ಅಂತ ಡಾಕ್ಟರು ಹೇಳಿದ್ದು ನಿಮಗೆ, ನನಗಲ್ಲ.

ಗಿರಾಕಿಗಳಿಗೆ "ದಿನಾ ಒರೆಸಿಟ್ಕೊಳ್ಳೋಕಾಗದಿದ್ರೆ ಕೆಟ್ಟಾಗ ನನ್ನ ಹತ್ರ ತರಬೇಡಿ" ಅಂತ ಗದರ್ತೀರಲ್ಲ? ನಾನೂ ಅದನ್ನೇ ಹೇಳ್ತಿದ್ದೀನಿ. ನಾಳೆ ಬೆಳಿಗ್ಗೆ ನನ್ನನ್ನ ಕೂಗಬೇಡಿ.