ಮುನ್ನೂರ ಹನ್ನೆರಡು ಫೋಲ್ಡರು

ಕಡೂರು,
ಮಂಗಳವಾರ, 12 ಆಗಸ್ಟ್ 2025

ಪ್ರೀತಿಯ ವಾಣೀ,

ಹೇಗಿದ್ದೀಯ ಮಗಳೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯ ತಾನೆ? ಹೋದ ತಿಂಗಳ ಫೋಟೋದಲ್ಲಿ ನಿನ್ನ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಚಟ್ನಿಪುಡಿ ಮುಗಿದಿದ್ದರೆ ಹೇಳು, ಈ ಸಲ ಹುಣಸೆಹಣ್ಣು ಸ್ವಲ್ಪ ಮುಂದಾಗಿ ಹಾಕಿ ಮಾಡುತ್ತೇನೆ. ಇಲ್ಲಿ ನಾನೂ ನಿಮ್ಮಪ್ಪನೂ ಆರೋಗ್ಯವಾಗಿದ್ದೇವೆ. ನನ್ನ ಮಂಡಿನೋವು ಮಳೆ ಬಂದ ದಿನ ಬರುತ್ತದೆ, ಬಿಸಿಲು ಬಂದರೆ ಹೋಗುತ್ತದೆ. ನಿಮ್ಮಪ್ಪ ಜೆರಾಕ್ಸ್ ಅಂಗಡಿಗೆ ಹೊಸ ಮಷೀನು ತಂದಿದ್ದಾರೆ. ಅದು ಸದ್ದೇ ಮಾಡುವುದಿಲ್ಲವೆಂದು ದಿನಕ್ಕೆರಡು ಸಲ ಹೇಳುತ್ತಾರೆ. ಫೋನು ಇರುವಾಗ ಅಮ್ಮ ಯಾಕೆ ಕಾಗದ ಬರೆಯುತ್ತಿದ್ದಾಳೆ ಅಂದುಕೊಳ್ಳುತ್ತೀಯೇನೋ. ಫೋನಿನಲ್ಲಿ ನೀನು "ಚೆನ್ನಾಗಿದೀನಮ್ಮ, ಕ್ಲಾಸಿದೆ, ಇಡ್ತೀನಿ" ಅಂದು ಇಟ್ಟುಬಿಡುತ್ತೀಯ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವವರೆಗೆ ನನ್ನನ್ನು ಯಾರೂ ತಡೆಯಲಾರರು.

ಒಂಟಿಯಾಗಿ ವಿಮಾನ ಹಾರಿಸಲು ಬಿಡುವ ಮುಂಚಿನ ಪರೀಕ್ಷೆಯಲ್ಲಿ ಎರಡನೇ ಸಲವೂ ಆಗಲಿಲ್ಲ ಎಂದು ನೀನು ಹೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ಇಳಿಸುವಾಗ ವಿಮಾನ ರನ್‌ವೇ ಮೇಲೆ ಎರಡು ಸಲ ಪುಟಿಯಿತು, ಪಕ್ಕದಲ್ಲಿ ಕೂತಿದ್ದ ನಿಮ್ಮ ಫ್ಲೈಯಿಂಗ್ ಶಾಲೆಯ ವಿಶ್ವಾರಾಧ್ಯ ಸರ್ ಕಂಟ್ರೋಲು ತಮ್ಮ ಕೈಗೆ ತೆಗೆದುಕೊಂಡರು ಎಂದೆ. ಆಮೇಲೆ ನೀನು, "ನನ್ನ ಕಂಪ್ಯೂಟರ್ ಯಾರಿಗಾದ್ರೂ ಕೊಟ್ಬಿಡಮ್ಮ. ಅದನ್ನ ಇನ್ನು ನೋಡಕ್ಕಾಗಲ್ಲ ನಂಗೆ" ಅಂದೆ. ನಾನು ಆಯಿತು ಅಂದೆ. ನಿನ್ನ ಮಾತಿಗೆ ಎದುರಾಡುವ ಹೊತ್ತು ಅದಾಗಿರಲಿಲ್ಲ.

ಪಂಚನಹಳ್ಳಿಯ ಹೊನ್ನೇಶ್ ಮೇಷ್ಟ್ರು ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಲು ಅಂಗಡಿಗೆ ಬಂದಾಗಲೆಲ್ಲ ಶಾಲೆಗೊಂದು ಕಂಪ್ಯೂಟರ್ ಬೇಕೆಂದು ಹೇಳುತ್ತಿದ್ದರು. ಅವರಿಗೆ ಹೇಳಿಕಳಿಸಿದೆವು. ಮೂರನೇ ತಾರೀಖು ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಬಂದರು. ಎಲ್ಲ ಚೆನ್ನಾಗಿಯೇ ಇತ್ತು. ಕುತೂಹಲಕ್ಕೆ ನೀನು ವಿಮಾನ ಹಾರಿಸಿ ಕಲಿತ ಆ ಫ್ಲೈಟ್ ಸಿಮ್ಯುಲೇಟರ್ ಒತ್ತಿ ನೋಡಿದರು. ಪರದೆಯ ಮೇಲಿನ ಗೆರೆ ಮುಕ್ಕಾಲು ತುಂಬಿತು, ನಿಂತಿತು, ಮುಚ್ಚಿಕೊಂಡಿತು. ಮೂರು ಸಲವೂ ಹಾಗೆಯೇ. ಒಳಗೆ ಹುಡುಕಿ ನೋಡಿ, "ಮೇಡಮ್, ಒಂದೇ ಫೋಲ್ಡರ್‌ನಾಗೆ ಮುನ್ನೂರ ಹನ್ನೆರಡು ಫೋಲ್ಡರು ತುರುಕಿದಾರೆ ಕಣ್ರೀ. ಎಲ್ಲಾ ಅಳಿಸ್ಬಿಟ್ಟೇ ತಗೊಂಡೋಗ್ತೀನಿ" ಅಂದರು. ಅವರ ಬೆರಳು ಮೌಸಿನ ಮೇಲೆ ಇತ್ತು. ನಾನು ಅವರ ಕೈ ಹಿಡಿದೇಬಿಟ್ಟೆ. "ಒಂದು ವಾರ ತಡೀರಿ ಮೇಷ್ಟ್ರೇ" ಅಂದೆ. ಅವರಿಗೆ ನಾಚಿಕೆಯಾಯಿತೋ ನನಗೆ ಆಯಿತೋ ಗೊತ್ತಿಲ್ಲ. ಕಾಫಿ ಕುಡಿದು ಹೊರಟರು.

ಯಾಕೆ ತಡೆದೆ ಅಂತ ಆಗ ನನಗೇ ತಿಳಿಯಲಿಲ್ಲ. ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿದ್ದವಳು ನಾನು. ಕೆಲಸಕ್ಕೆ ಸೇರಿದ ವಾರವೇ ಹಿರಿಯ ಗುಮಾಸ್ತ ಕಲ್ಲಪ್ಪನವರು, "ಬಿಚ್ಚಿ ನೋಡ್ದೆ ಯಾವ ಕಟ್ಟನ್ನೂ ಎಸೀಬೇಡ ಕಣಮ್ಮಾ" ಎಂದಿದ್ದರು. ಆ ಅಭ್ಯಾಸ ಪೆನ್ಷನ್ ಬಂದ ಮೇಲೂ ಹೋಗಿಲ್ಲ.

ಮಾರನೆಯ ದಿನ ತಿಂಡಿ ಮುಗಿಸಿ ಕೂತೆ. ಅಯ್ಯೋ, ಸಿಮ್ಯುಲೇಟರಿಗೆಂದು ಡೌನ್‌ಲೋಡ್ ಮಾಡಿದ ಫೋಲ್ಡರುಗಳಿಗೆ ನೀನಿಟ್ಟ ಹೆಸರುಗಳೇ. "ನ್ಯೂ ಫೋಲ್ಡರ್", "ನ್ಯೂ ಫೋಲ್ಡರ್ 2", "ಫೈನಲ್", "ಫೈನಲ್ ಹೊಸದು", "ಇದೇ ಸರಿ". ಯಾವುದರಲ್ಲಿ ವಿಮಾನ, ಯಾವುದರಲ್ಲಿ ವಿಮಾನ ನಿಲ್ದಾಣ, ಯಾವುದರಲ್ಲಿ ಬರೀ ಬಣ್ಣ, ಒಂದೂ ತಿಳಿಯದು. ಒಂದು ಉದ್ದದ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಒಂದೊಂದನ್ನೇ ಬರೆದುಕೊಳ್ಳುತ್ತ ಹೋದೆ. ಒಂದು ಎಂಜಿನ್ನಿನವು, ಎರಡು ಎಂಜಿನ್ನಿನವು, ಜೆಟ್ಟು, ಹೆಲಿಕಾಪ್ಟರು, ಗ್ಲೈಡರು ಎಂದು ಬೇರೆ ಮಾಡಿದೆ. ಚಂದ ಕಾಣಲೆಂದು ಒಳಗಿನ ಫೋಲ್ಡರುಗಳಿಗೂ ಕನ್ನಡದಲ್ಲಿ ಹೆಸರಿಟ್ಟೆ. ಅಲ್ಲೇ ಕೆಟ್ಟಿತು; ಮುಕ್ಕಾಲು ತುಂಬುತ್ತಿದ್ದ ಗೆರೆ ಈಗ ಶುರುವೇ ಆಗಲಿಲ್ಲ. ನಿನ್ನ ಹಾಸ್ಟೆಲ್ ರೂಮಿನ ಸಂಘಮಿತ್ರಾಗೆ ಫೋನು ಮಾಡಿದೆ; ನಿನಗೆ ಹೇಳಬೇಡವೆಂದು ನಾನೇ ಕೇಳಿಕೊಂಡೆ, ಅವಳ ಮೇಲೆ ಸಿಟ್ಟಾಗಬೇಡ. "ಆಂಟೀ, ಹೊರಗಿನ ಹೆಸ್ರು ಏನ್ ಬೇಕಾದ್ರೂ ಇಡಿ. ಒಳಗಿಂದು ಮುಟ್ಟಬೇಡಿ. ವಿಮಾನ ತನ್ನ ಬಣ್ಣ, ಮೀಟ್ರು ಎಲ್ಲಾ ಆ ಹೆಸ್ರು ನೋಡ್ಕೊಂಡೇ ಹುಡುಕತ್ತೆ" ಅಂದಳು. ಕಡತಕ್ಕೆ ಸುತ್ತಿದ ಬಟ್ಟೆಯ ಮೇಲೆ ಏನಾದರೂ ಬರೆಯಬಹುದು, ಒಳಗಿನ ಪುಟದ ನಂಬರು ತಿದ್ದಬಾರದು. ಇಷ್ಟು ಗೊತ್ತಿದ್ದೂ ತಪ್ಪು ಮಾಡಿದೆನಲ್ಲ. ನೋಟ್‌ಬುಕ್ಕಿನಲ್ಲಿ ಹಳೆಯ ಹೆಸರೆಲ್ಲ ಇದ್ದದ್ದರಿಂದ ಎರಡು ದಿನದಲ್ಲಿ ಮೊದಲಿನಂತೆ ಮಾಡಿದೆ.

ಆಮೇಲೆ ಅವಳೇ ಇನ್ನೊಂದು ದಾರಿ ಹೇಳಿಕೊಟ್ಟಳು. ವಿಮಾನಗಳನ್ನೆಲ್ಲ ಬೇರೆ ಡ್ರೈವಿನಲ್ಲಿ ವಿಂಗಡಿಸಿ ಇಡುವುದು, ಅವತ್ತಿಗೆ ಬೇಕಾದ್ದಕ್ಕೆ ಮಾತ್ರ ಸಿಮ್ಯುಲೇಟರಿನ ಫೋಲ್ಡರಿನಲ್ಲಿ ಅದಿರುವ ಜಾಗ ತೋರಿಸುವ ಒಂದು ಕೊಂಡಿ ಹಾಕುವುದು. ಹಾಗೆ ಒಂದೊಂದೇ ಕೊಂಡಿ ಹಾಕಿ ತೆರೆದು ನೋಡುತ್ತ ಹೋದಾಗ ತಂಟೆಯ ಮೂಲ ಸಿಕ್ಕಿತು. ಎರಡು ಎಂಜಿನ್ನಿನ ಒಂದೇ ವಿಮಾನದ ಹಳೆಯ ಪ್ರತಿ, ಹೊಸ ಪ್ರತಿ ಎರಡೂ ಒಳಗಿದ್ದವು. ಒಟ್ಟಿಗೆ ಬಂದಾಗ ಎಲ್ಲವನ್ನೂ ಕೆಡಿಸುತ್ತಿದ್ದವು. ಹಳೆಯದನ್ನು ಹೊರಗೆ ಇಟ್ಟೆ. ಶುಕ್ರವಾರ ಮಧ್ಯಾಹ್ನ ಗೆರೆ ಪೂರ್ತಿ ತುಂಬಿ ಸಿಮ್ಯುಲೇಟರ್ ತೆರೆದುಕೊಂಡಿತು. ಮನೆಯಲ್ಲಿ ಯಾರೂ ಇರಲಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ನಿಮ್ಮಪ್ಪ ಅಂಗಡಿಯಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಕೂತರು. ಕಡೂರಿನ ಮೇಲೆಯೇ ಹಾರಬೇಕೆಂದರು. "ಲೇ ರಾಧಾ, ನಮ್ಮಂಗ್ಡಿ ಎಲ್ಲೇ? ಬರೀ ತೆಂಗಿನ್ಮರವೇ ಕಾಣ್ತಾವಲ್ಲ" ಎಂದು ಹುಡುಕಿದರು. ಕಾಣದೆ ಹೋದಾಗ ರೈಲುಹಳಿ ಹಿಡಿದು ಬೀರೂರು, ಅಜ್ಜಂಪುರ ದಾಟಿ ಶಿವನಿಯವರೆಗೆ ಹೋದರು, ಅಲ್ಲೊಂದು ಹೊಲಕ್ಕೆ ಬಿದ್ದರು. ನಗುತ್ತಿದ್ದವರು ಮೌಸು ಬಿಟ್ಟು, "ಇದೇ ಇಷ್ಟು ಕಷ್ಟ. ಮಗು ನಿಜವಾದ್ದನ್ನ ಇಳಿಸ್ತಾಳಲ್ಲೇ" ಅಂದರು. ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹಳೆಯ ಕಂಪ್ಯೂಟರನ್ನೇ ಒರೆಸಿ ಹೊನ್ನೇಶ್ ಮೇಷ್ಟ್ರಿಗೆ ಕೊಟ್ಟಿದ್ದಾರೆ. ಮೇಷ್ಟ್ರಿಗೂ ಖುಷಿಯೇ. ನಿನ್ನದು ನಿನ್ನ ಮೇಜಿನ ಮೇಲೆಯೇ ಇದೆ.

ವಾಣೀ, ಈಗ ನಿಜವಾಗಿ ಹೇಳಬೇಕಾದ್ದು. "ಇದೇ ಸರಿ" ಎಂಬ ಫೋಲ್ಡರಿನ ಒಳಗೆ, ನೀನು ಮೊದಲು ಕಲಿತ ಆ ಪುಟ್ಟ ವಿಮಾನದ ಪಕ್ಕದಲ್ಲಿ, ಬರಹದ ಫೈಲೊಂದಿತ್ತು. ತೆರೆದು ನೋಡಬಾರದಿತ್ತೋ ಏನೋ, ನೋಡಿದೆ. ಲಾಕ್‌ಡೌನಿನ ವರ್ಷ, ನೀನು ಪಿಯುಸಿಯಲ್ಲಿದ್ದಾಗ ಬರೆದದ್ದು. "ಜೂನ್ 4. ಹನ್ನೊಂದು ಸಲ ಇಳಿಸಿದೆ. ಹನ್ನೊಂದೂ ಹಾಳು. ಮೂಗು ಬೇಗ ಎತ್ತಿದೆ." "ಜೂನ್ 5. ಒಂಬತ್ತು ಸಲ. ಒಂದು ಪರವಾಗಿಲ್ಲ. ಅಮ್ಮ ಬೈದಳು, ನಿಲ್ಲಿಸಿದೆ." ಹೀಗೆ ಅಕ್ಟೋಬರ್ ತನಕ. ಅವತ್ತು ಬೈದದ್ದು ನನಗೆ ನೆನಪಿದೆ. ಓದುವುದು ಬಿಟ್ಟು ಆಟ ಆಡುತ್ತೀಯ ಎಂದು ಪ್ಲಗ್ಗು ಕಿತ್ತಿದ್ದೆ. ನೀನು ಆಡುತ್ತಿರಲಿಲ್ಲ ಮಗಳೇ, ನನಗೆ ತಿಳಿಯಲಿಲ್ಲ. ತಪ್ಪಾಯಿತು. ಐದು ತಿಂಗಳ ಬರಹದಲ್ಲಿ ಕೆಟ್ಟದಾಗಿ ಇಳಿಸಿದ ದಿನಗಳೇ ಹೆಚ್ಚು. ಆದರೆ ಯಾಕೆ ಕೆಟ್ಟಿತು ಎಂದು ಪ್ರತಿ ದಿನವೂ ಬರೆದಿದ್ದೀಯ. ನನ್ನ ಕೈಲಾಗುವುದಿಲ್ಲ ಎಂದು ಒಂದು ಕಡೆಯೂ ಬರೆದಿಲ್ಲ. ಎರಡು ಸಲ ಹುಡುಕಿದೆ. ಅದು ಪರದೆ, ಇದು ನಿಜವಾದ ನೆಲ, ಅಲ್ಲಿ ಬಿದ್ದರೆ ಮತ್ತೆ ಶುರು ಮಾಡಬಹುದು ಎನ್ನುತ್ತೀಯ. ಅದು ನನಗೂ ಗೊತ್ತು. ಆದರೆ ಹನ್ನೊಂದೂ ಹಾಳು ಎಂದು ಬರೆದು ಮಾರನೆಯ ದಿನ ಮತ್ತೆ ಕೂತ ಹುಡುಗಿ ನಿಜವಾದವಳೇ ತಾನೆ? ಆ ಬರಹವನ್ನೆಲ್ಲ ಅಪ್ಪನ ಹೊಸ ಮಷೀನಿನಲ್ಲಿ ಪ್ರಿಂಟು ತೆಗೆಸಿ ಇದರ ಜೊತೆ ಇಟ್ಟಿದ್ದೇನೆ.

ಅಪ್ಪ ನಿನ್ನ ತಲೆ ಸವರಿದ್ದೇನೆಂದು ಬರೆಯಲು ಹೇಳಿದರು. ಸಂಘಮಿತ್ರಾಳಿಗೂ ವಿಶ್ವಾರಾಧ್ಯ ಸರ್‌ಗೂ ನಮ್ಮ ನಮಸ್ಕಾರ ತಿಳಿಸು. ದೇವರು ನಿನ್ನ ಕೈಯನ್ನೂ ಕಣ್ಣನ್ನೂ ಕಾಯಲಿ.

ನಿನ್ನ,
ಅಮ್ಮ (ರಾಧಮ್ಮ)

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಕೋರ್ಸು ಬಿಡುತ್ತೇನೆಂದು ನೀನು ಅರ್ಜಿ ಬರೆದು ದಿಂಬಿನ ಕೆಳಗೆ ಇಟ್ಟಿರುವುದು ಸಂಘಮಿತ್ರಾ ಹೇಳಿದ್ದರಿಂದ ನನಗೆ ಗೊತ್ತು. ಬಿಡಬೇಡ ಎನ್ನುವುದಿಲ್ಲ, ನಿಮ್ಮಪ್ಪನೂ ಅನ್ನುವುದಿಲ್ಲ. ಇಪ್ಪತ್ತೊಂದಕ್ಕೆ ಮೂರನೇ ಪರೀಕ್ಷೆ ಇದೆಯಲ್ಲ, ಅವತ್ತು ಒಂದು ಸಲ ಇಳಿಸು. ಹೇಗೆ ಇಳಿಯಿತೆಂದು ರಾತ್ರಿ ಒಂದು ಸಾಲು ಬರೆ. ಅರ್ಜಿ ಕೊಡುವುದಿದ್ದರೆ ಆಮೇಲೆ ಕೊಡು.